‘ನನ್ನ ಮಾತಿಗೇ ಅಪ್ಪಾಜಿಗೆ ಲಕ್ವ ಹೊಡೀತು’

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ದಾವಣಗೆರೆಯ ಈ ಹೆಣ್ಣುಮಗಳಿಗೆ 32 ವರ್ಷ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದು ನನ್ನ ಬಳಿ ಬಂದಿದ್ದರು. ತಂದೆಗೆ 58, ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಈಕೆಯ ತಮ್ಮನ ಸಾಲ ತೀರಿಸಲು ತಂದೆ ಸೈಟು ಮಾರಲು ಹೊರಟಾಗ ಈಕೆ ಜೋರಾಗಿ ಜಗಳ ಮಾಡಿದ್ದರು. ಮರುದಿನ ಬೆಳಿಗ್ಗೆ ತಂದೆಯ ಬಾಯಿ ಸೊಟ್ಟಗಾಯಿತು. ಬಲಗೈ, ಬಲಗಾಲಿನ ಸ್ವಾಧೀನ ತಪ್ಪಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಸೋದರತ್ತೆ ಎಲ್ಲರೆದುರು, ‘ನಿನ್ನ ಮಾತಿಗೇ ನಮ್ಮಣ್ಣ ಹಿಂಗಾದ’ ಅಂದುಬಿಟ್ಟರು.

ಇಂಥವರಿಗೆ ‘ನಿಮ್ಮ ತಪ್ಪಿಲ್ಲ ಬಿಡಿ’ ಎಂದರೆ ಸಾಲದು. ಕಾಯಿಲೆ ಹೇಗೆ ಬಂತು ಅನ್ನೋದು ತಿಳಿಯದೆ ಆ ಭಾರ ಇಳಿಯುವುದಿಲ್ಲ. ಡಿಸ್ಚಾರ್ಜ್ ಕಾಗದ ತನ್ನಿ, ಒಟ್ಟಿಗೆ ಓದೋಣ ಎಂದೆ.

ಲಕ್ವದಲ್ಲಿ ಮುಖ್ಯವಾಗಿ ಎರಡು ಬಗೆ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ರಕ್ತ ನಿಲ್ಲುವುದು ಒಂದು. ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದು ಇನ್ನೊಂದು. ಹೆಚ್ಚಿನವರಿಗೆ ಆಗುವುದು ಮೊದಲನೆಯದು. ಇವರ ತಂದೆಗೂ ಅದೇ ಆಗಿತ್ತು. ಹೊರಗಿನಿಂದ ನೋಡಿ ಯಾವುದೆಂದು ಹೇಳಲಾಗದು, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು. ರಕ್ತ ಸೋರುತ್ತಿದ್ದರೆ ಅದು ಇನ್ನೂ ಅಪಾಯ.

ಕಾಗದದಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇದ್ದವು. ‘ಮಾತ್ರೆ ತಗೊಳ್ತಿದ್ರಾ?’ ಎಂದು ಕೇಳಿದೆ. ‘ಆರಾಮಾಗಿದೀನಿ ಅಂತ ಬಿಟ್ಟಿದ್ರು ಮೇಡಂ, ವರ್ಷದ ಮೇಲಾಯ್ತು.’ ಜೊತೆಗೆ ಬೀಡಿ, ಬಾಯಲ್ಲಿ ಸದಾ ತಂಬಾಕು. ಆಮೇಲೆ ಈಕೆಗೇ ಒಂದು ವಿಷಯ ನೆನಪಾಯಿತು. ಎರಡು ವಾರದ ಹಿಂದೆ ತಂದೆಯ ಕೈಯಿಂದ ಟೀ ಲೋಟ ಜಾರಿತ್ತು, ಮಾತು ತೊದಲಿತ್ತು. ಹತ್ತು ನಿಮಿಷದಲ್ಲಿ ಸರಿಹೋಯಿತು. ನಿದ್ದೆಗೆಟ್ಟಿದ್ದಕ್ಕೆ ಹೀಗಾಯಿತು ಅಂತ ಎಲ್ಲರೂ ಸುಮ್ಮನಾದರು. ಅದು ಸುಮ್ನೆ ಸುಸ್ತಲ್ಲ. ರಕ್ತ ಸ್ವಲ್ಪ ಹೊತ್ತು ನಿಂತು ಮತ್ತೆ ಹರಿದಾಗ ಹೀಗಾಗುತ್ತದೆ. ಮಿನಿ ಸ್ಟ್ರೋಕ್ ಅನ್ನುತ್ತಾರೆ. ದೊಡ್ಡದು ಬರುವ ಅಪಾಯ ಅದಾದ ಮೊದಲ ಎರಡು ದಿನ ತುಂಬಾ ಜಾಸ್ತಿ. ಪೂರ್ತಿ ಸರಿಹೋದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು.

‘ಹಾಗಾದ್ರೆ ಜಗಳದ್ದು ಏನೂ ಇಲ್ವಾ?’ ಎಂದು ಕೇಳಿದರು. ಸಮಾಧಾನಕ್ಕೆಂದು ನಾನು ಸುಳ್ಳು ಹೇಳಲಿಲ್ಲ. ಸಿಟ್ಟು ಬಂದಾಗ ಬಿ.ಪಿ. ಏರುತ್ತದೆ, ಕೆಲವರಿಗೆ ಅದೇ ಗಳಿಗೆಯಲ್ಲಿ ಲಕ್ವ ಹೊಡೆದದ್ದೂ ಉಂಟು. ಆದರೆ ಇವರ ತಂದೆಯ ರಕ್ತನಾಳಗಳನ್ನು ವರ್ಷಗಟ್ಟಲೆ ಕೆಡಿಸಿದ್ದು ಬಿ.ಪಿ., ಸಕ್ಕರೆ, ತಂಬಾಕು. ಲೋಟ ಜಾರಿದಾಗ ಯಾವ ಜಗಳವೂ ಆಗಿರಲಿಲ್ಲ, ಅಲ್ವಾ? ಈ ಮಾತು ಕೇಳಿ ಅವರು ತುಂಬಾ ಹೊತ್ತು ಅತ್ತರು. ಅಳಲಿ ಎಂದು ಬಿಟ್ಟೆ.

ಇನ್ನೊಂದು ನೋವು ತಮ್ಮನದು. ಬೆಳಿಗ್ಗೆ ಆರಕ್ಕೆ ಬಾಯಿ ಸೊಟ್ಟಗಾದರೂ ಯಾರೋ ಹೇಳಿದರೆಂದು ನಾಟಿ ಔಷಧಿಗೆ ಹಳ್ಳಿಗೆ ಕರೆದೊಯ್ದಿದ್ದ. ಆಸ್ಪತ್ರೆ ಸೇರಿದಾಗ ಮಧ್ಯಾಹ್ನ ದಾಟಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನೆಂಟರಿಷ್ಟರಿಗೆಲ್ಲ ಇದನ್ನು ಹೇಳಿ ಎಂದು ಕೇಳಿಕೊಂಡೆ: ಮುಖ ಒಂದು ಕಡೆ ವಾಲಿದರೆ, ಒಂದು ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಕೊನೆಯದಾಗಿ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೆನಪಿಟ್ಟುಕೊಳ್ಳಿ. ನೀರು ಕೂಡ ಕುಡಿಸಬೇಡಿ, ಶ್ವಾಸಕ್ಕೆ ಹೋಗಬಹುದು.

ತಮ್ಮನನ್ನು ಮಾತಿನಲ್ಲಿ ಚುಚ್ಚಬೇಡಿ ಎಂದೂ ಹೇಳಿದೆ. ಅತ್ತೆಯಿಂದ ಇವರು ಅನುಭವಿಸಿದ್ದನ್ನು ಅವನೂ ಅನುಭವಿಸುವುದು ಬೇಡ.

ತಂದೆ ಈಗ ಮಾತು ಬಾರದೆ ಸಿಟ್ಟಾಗುತ್ತಾರೆ, ಅಳುತ್ತಾರೆ. ಮಾತು ಹೊರಡದಿದ್ದರೂ ಕೇಳಿದ್ದು ಬಹಳಷ್ಟು ಅರ್ಥವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರಂತೆ. ಆದ್ದರಿಂದ ಅವರೆದುರು ‘ಇನ್ನೇನು ಉಳೀತು’ ಎಂಬಂಥ ಮಾತು ಬೇಡ. ‘ಊಟ ಬೇಕಾ, ಬೇಡವಾ’ ಎಂದು ಚಿಕ್ಕದಾಗಿ ಕೇಳಿ, ತಲೆಯಾಡಿಸಲು ಸಮಯ ಕೊಡಿ. ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದಕ್ಕೂ ಚಿಕಿತ್ಸೆ ಇದೆ. ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ಹೇಳಲೇಬೇಕು. ಬಿ.ಪಿ. ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸುವಂತಿಲ್ಲ. ಮಾತ್ರೆಯಿಂದಲೇ ಅದು ನಾರ್ಮಲ್ ಆಗಿರುವುದು. ಆರೈಕೆಯ ರಾತ್ರಿಗಳನ್ನು ತಮ್ಮನ ಜೊತೆ ಹಂಚಿಕೊಳ್ಳಲು ಈಕೆ ಒಪ್ಪಿದರು.

ಎರಡನೇ ಭೇಟಿಗೆ ತಮ್ಮನೂ ಬಂದಿದ್ದ. ನನ್ನ ಮಾತಿನಂತೆ ಬಿ.ಪಿ. ನೋಡಿಸಿದ್ದ. ಜಾಸ್ತಿಯೇ ಇತ್ತು. ಮಾತ್ರೆ ಶುರು ಮಾಡಿದ್ದಾನೆ. ಗುಟ್ಕಾ ಇನ್ನೂ ಬಿಟ್ಟಿಲ್ಲ, ಅದಕ್ಕೆಂದೇ ಮುಂದಿನ ವಾರ ಒಬ್ಬನೇ ಬರುತ್ತೇನೆ ಎಂದಿದ್ದಾನೆ.