ಅಂಗಿಯಲ್ಲಿ ಉಪ್ಪು ಕಾಣುವುದಿಲ್ಲ

ಪ್ರಶ್ನೆ: ಮೇಡಂ, ನಮ್ಮೂರ ಪಕ್ಕ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇದೆ. ಬಟ್ಟೆ ಕೊಳ್ಳುವ ವಿದೇಶದ ಬಯರ್‌ಗಳು ಬಂದು ಆಡಿಟ್ ಮಾಡುತ್ತಾರೆ, ನಮ್ಮಲ್ಲಿ ಎಲ್ಲ ಸರಿಯಾಗಿದೆ ಎಂದು ಮ್ಯಾನೇಜರ್ ಹೇಳುತ್ತಾರೆ. ಆದರೆ ನಮ್ಮ ಬೋರ್‌ವೆಲ್ ನೀರು ಎರಡು ವರ್ಷದಿಂದ ಉಪ್ಪಾಗಿದೆ. ಬಯರ್‌ಗೆ ಹೆದರಿ ಕಂಪನಿಗಳು ನಿಜವಾಗಿ ಬದಲಾಗುತ್ತವಾ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಬದಲಾಗುತ್ತವೆ. ಆದರೆ ಬಯರ್ ಕಣ್ಣಿಗೆ ಬೀಳುವಷ್ಟು ಮಾತ್ರ. ನಾನು 22 ವರ್ಷ ಡೈಯಿಂಗ್ ಘಟಕಗಳ ಲ್ಯಾಬಿನಲ್ಲಿ ದುಡಿದವಳು, ಕಂಡದ್ದನ್ನೇ ಹೇಳುತ್ತೇನೆ.

2011ರಲ್ಲಿ ಗ್ರೀನ್‌ಪೀಸ್ ಎಂಬ ಪರಿಸರ ಸಂಸ್ಥೆ ಚೀನಾದ ಎರಡು ಬಟ್ಟೆ ಕಾರ್ಖಾನೆಗಳು ಬಿಡುವ ನೀರನ್ನು ಪರೀಕ್ಷೆ ಮಾಡಿಸಿತು. ಅವುಗಳ ಜೊತೆ ಯಾವ ಯಾವ ಬ್ರ್ಯಾಂಡ್‌ಗಳಿಗೆ ವ್ಯವಹಾರ ಇದೆ ಎಂದು ಹೆಸರು ಹೇಳಿತು. ಪೂಮಾ, ನೈಕಿ, ಅಡಿಡಾಸ್ ಒಂದರ ಹಿಂದೆ ಒಂದು ಮಾತು ಕೊಟ್ಟವು: 2020ರೊಳಗೆ ಅಪಾಯದ ರಾಸಾಯನಿಕ ಬಿಡುವುದನ್ನು ನಿಲ್ಲಿಸುತ್ತೇವೆ ಎಂದು. ಅದರ ಬಿಸಿ ನಮ್ಮ ಲ್ಯಾಬಿಗೂ ತಟ್ಟಿತು. ನಾವು ಬಟ್ಟೆ ತೊಳೆಯುವ ಸೋಪಿನಲ್ಲಿ ಎನ್‌ಪಿಇ ಎಂಬ ವಸ್ತು ಇತ್ತು. ಅದು ಹೊಳೆ ಸೇರಿದರೆ ಮೀನಿನ ಹಾರ್ಮೋನು ಕೆಡುತ್ತದೆ. ವರ್ಷಗಟ್ಟಲೆ ಬೇಡ ಎಂದೆ. "ಅಗ್ಗ ಅಲ್ವಾ ಮೇಡಂ" ಎನ್ನುತ್ತಿದ್ದರು. ಬಯರ್ ಕಡೆಯಿಂದ ನಿಷೇಧದ ಪಟ್ಟಿ ಬಂದ ತಿಂಗಳೇ ಡ್ರಮ್‌ಗಳೆಲ್ಲ ವಾಪಸ್ ಹೋದವು. ಖುಷಿಯಾಯಿತು, ಸಂಕಟವೂ ಆಯಿತು.

ಎನ್‌ಪಿಇ ಅಂಗಿಯಲ್ಲೂ ಉಳಿಯುತ್ತದೆ. ಯುರೋಪಿನ ಲ್ಯಾಬಿನಲ್ಲಿ ಸಿಕ್ಕಿಬೀಳುತ್ತದೆ. ಉಪ್ಪು ಹಾಗಲ್ಲ. ಹತ್ತಿಗೆ ರಿಯಾಕ್ಟಿವ್ ಎಂಬ ಬಗೆಯ ಬಣ್ಣ ಹಿಡಿಯಲು ಸಾಮಾನ್ಯವಾಗಿ ಉಪ್ಪು ಬೇಕು. ಗಾಢ ಬಣ್ಣವಾದರೆ ಕೆಜಿ ಬಟ್ಟೆಗೆ ಅರ್ಧ ಕೆಜಿಯ ಆಸುಪಾಸು. ಅಷ್ಟೂ ತೊಳೆದ ನೀರಿನಲ್ಲಿ ಹೊರಗೆ ಬರುತ್ತದೆ. ಮಾಮೂಲಿ ಇಟಿಪಿ, ಅಂದರೆ ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡುವ ಘಟಕ, ಬಣ್ಣ ತೆಗೆಯುತ್ತದೆ, ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ನೀರು ತಿಳಿಯಾಗಿ ಕಾಣುತ್ತದೆ, ಬಾಯಿಗಿಟ್ಟರೆ ಗೊತ್ತಾಗುತ್ತದೆ.

ತಮಿಳುನಾಡಿನ ತಿರುಪ್ಪೂರಿನಲ್ಲಿ ಆದದ್ದು ಇದೇ. ಬ್ರ್ಯಾಂಡ್‌ಗಳು ಅಲ್ಲಿಂದ ಟೀ ಶರ್ಟ್ ಒಯ್ಯುತ್ತಲೇ ಇದ್ದವು, ಕಾವೇರಿ ಸೇರುವ ನೊಯ್ಯಲ್ ಹೊಳೆ ಉಪ್ಪಾಗುತ್ತಲೇ ಇತ್ತು. ನೀರಾವರಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನ ನೀರು ಹೊಲಕ್ಕೆ ಬೇಡ ಎಂದು ರೈತರೇ ಹೇಳುವಂತಾಯಿತು. ಹೊಳೆಯ ಕೆಳಭಾಗದ ರೈತರು ಮದ್ರಾಸ್ ಹೈಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು ಗಡುವು ಕೊಟ್ಟು, ಲೀಟರಿಗೆ ಇಷ್ಟು ಪೈಸೆ ಎಂದು ದಂಡ ಹಾಕಿತು. ಆದರೂ ಕೊಳೆ ನೀರು ನಿಲ್ಲಲಿಲ್ಲ. 2011ರ ಜನವರಿ 28ರಂದು 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಿಸಿ, ಕರೆಂಟು ಕಡಿಯಿರಿ ಎಂದಿತು. ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಟ್ಟಿತು. ನೀರಿನಿಂದ ಉಪ್ಪು ಸೋಸುವ ಆರ್‌ಓ, ನೀರು ಆವಿ ಮಾಡಿ ಉಪ್ಪು ಉಳಿಸುವ ಇವಾಪರೇಟರ್‌ಗಳು ಗಂಭೀರವಾಗಿ ಓಡತೊಡಗಿದ್ದು ಆಮೇಲೆ. ಉಪ್ಪನ್ನು ವಾಪಸ್ ತೆಗೆದು ಮತ್ತೆ ಬಣ್ಣಕ್ಕೇ ಬಳಸುವುದನ್ನು ಕಲಿತರು. ಆ ತಿಂಗಳುಗಳಲ್ಲಿ ಕೂಲಿ ಕಳೆದುಕೊಂಡ ಡೈಯಿಂಗ್ ಕೆಲಸಗಾರರದ್ದು ಏನೂ ತಪ್ಪಿರಲಿಲ್ಲ. ಅದನ್ನೂ ನೆನೆಯಬೇಕು.

ಇನ್ನು ಆಡಿಟ್ ವಿಷಯ. ನಾನಿದ್ದ ಒಂದು ಘಟಕದಲ್ಲಿ ಇಟಿಪಿ ಪಕ್ಕ ಮೀನಿನ ತೊಟ್ಟಿ ಇತ್ತು. ಶುದ್ಧ ಮಾಡಿದ ನೀರಿನಲ್ಲಿ ಮೀನು ಬದುಕಿವೆ ಎಂದು ತೋರಿಸಲು. ಆಡಿಟ್‌ಗೆ ಬಂದವರು ಫೋಟೊ ತೆಗೆದುಕೊಂಡರು. ಆ ತೊಟ್ಟಿಗೆ ಬರುತ್ತಿದ್ದುದು ಬೋರ್‌ವೆಲ್ ನೀರು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಮಗಳ ಫೀಸು ಕಟ್ಟುವ ತಿಂಗಳು ಅದು. ಇವತ್ತಿಗೂ ಆ ಮೌನ ನನ್ನನ್ನು ಚುಚ್ಚುತ್ತದೆ.

ಹಾಗಾಗಿ ನೋಡುವ ಕೆಲಸವನ್ನು ಪೂರ್ತಿ ಬಯರ್‌ಗೆ ಬಿಡಬೇಡಿ. ಕೆಲವು ನೂರು ರೂಪಾಯಿಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳ ಒಟ್ಟು ಪ್ರಮಾಣ) ಅಳೆಯುವ ಮೀಟರ್ ಸಿಗುತ್ತದೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಇಳಿಜಾರಿನಲ್ಲಿ ಕಾರ್ಖಾನೆಗಿಂತ ಮೇಲಿನ ಒಂದು ಬೋರ್‌ವೆಲ್, ಪಕ್ಕದ್ದೊಂದು, ಕೆಳಗಿನದ್ದೊಂದು – ಮೂರನ್ನೂ ಹದಿನೈದು ದಿನಕ್ಕೊಮ್ಮೆ ಅಳೆದು ತಾರೀಖು ಸಮೇತ ಬರೆದಿಡಿ. ಮೇಲಿನದ್ದೂ ಉಪ್ಪಾಗಿದ್ದರೆ ಕಾರಣ ಬೇರೆ ಇರಬಹುದು, ಸುಮ್ನೆ ಯಾರ ಮೇಲೂ ಹೊರಿಸಬೇಡಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಒಪ್ಪಿಗೆ ಪತ್ರವನ್ನು ಮಾಹಿತಿ ಹಕ್ಕಿನಲ್ಲಿ ತರಿಸಿಕೊಳ್ಳಿ. ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ ಕೇಳಿ: ತಿಂಗಳಿಗೆ ಎಷ್ಟು ಟನ್ ಉಪ್ಪು ಕೊಳ್ಳುತ್ತೀರಿ, ಎಷ್ಟು ವಾಪಸ್ ತೆಗೆಯುತ್ತೀರಿ, ಉಳಿದದ್ದು ಎಲ್ಲಿ ಹೋಯಿತು? ಅವರು ಕೊಟ್ಟ ಉತ್ತರವನ್ನೂ ನಿಮ್ಮ ಲೆಕ್ಕವನ್ನೂ ನನಗೆ ಬರೆದು ಕಳಿಸಿ. ಮಂಡಳಿಗೂ ಬಯರ್‌ಗೂ ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ.