ಸಾಲಕ್ಕೆ ಜಾಮೀನು ಹಾಕು ಎನ್ನುವ ಗೆಳೆಯ ಮುಂದೆ ಕೈಕೊಡುತ್ತಾನೋ ಎಂದು ತಿಳಿಯುವುದು ಹೇಗೆ?

ಮಾತಿನಿಂದ ತಿಳಿಯುವುದು ಕಷ್ಟ. ಕೈಕೊಡುವವನು ಉಳಿದ ಗೆಳೆಯರಿಗಿಂತ ಸಿಹಿಯಾಗಿಯೇ ಮಾತಾಡುತ್ತಾನೆ. ಅವನು ಹೇರುವ ಅವಸರ ನೋಡಿ. ‘ಇವತ್ತೇ ಸಹಿ ಬೇಕು, ಮನೇಲಿ ಹೇಳಬೇಡ, ಬರೀ ಫಾರ್ಮಾಲಿಟಿ ಕಣೋ’ ಎಂದರೆ ಪೆನ್ನು ಜೇಬಿನಲ್ಲೇ ಇರಲಿ.

ಅದು ಬರೀ ಫಾರ್ಮಾಲಿಟಿ ಖಂಡಿತ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ಅವನ ಆಸ್ತಿಯ ಬೆನ್ನು ಹತ್ತಬೇಕೆಂದೇನೂ ಇಲ್ಲ, ನೇರವಾಗಿ ನಿಮ್ಮನ್ನೇ ಕೇಳಬಹುದು. ನಿಮ್ಮ ಸಿಬಿಲ್ ಸ್ಕೋರ್ (ಸಾಲ ಕೊಡುವ ಮುನ್ನ ಬ್ಯಾಂಕು ನೋಡುವ ಅಂಕ) ಕೂಡ ಕೆಡಬಹುದು. ಕಟ್ಟಿದ ಹಣವನ್ನು ಅವನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ, ನಿಜ. ಊರು ಬಿಟ್ಟವನ ಹತ್ತಿರ ಏನು ವಸೂಲಿ ಮಾಡ್ತೀರಿ?

ಸಹಿ ಹಾಕಿದ ಖಾಲಿ ಚೆಕ್ಕನ್ನಂತೂ ಯಾರಿಗೂ ಕೊಡಬೇಡಿ. ಪಡೆದವರು ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದಾಗ ಅದು ಬೌನ್ಸ್ ಆದರೆ ಕೇಸು ನಿಮ್ಮ ಮೇಲೆ.

ಒಂದು ಪರೀಕ್ಷೆ ಮಾಡಿ: ಸಾಲ ಮಂಜೂರಾತಿ ಪತ್ರ ತೋರಿಸು, ಮನೆಯಲ್ಲಿ ಮಾತಾಡಿ ಹೇಳ್ತೀನಿ ಅನ್ನಿ. ನಿಜವಾದ ಗೆಳೆಯ ತೋರಿಸುತ್ತಾನೆ. ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮುನಿಸಿಕೊಂಡರೆ ಮುನಿಸಿಕೊಳ್ಳಲಿ ಬಿಡಿ. ಸಹಾಯ ಮಾಡಲೇಬೇಕು ಅನ್ನಿಸಿದರೆ, ಹೋದರೂ ಹೋಗಲಿ ಎನ್ನುವಷ್ಟು ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಡಿ.