ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಬೂಸ್ಟರ್ ತರ್ಸೋಣ್ವಾ?

ಪ್ರಶ್ನೆ: ಸಾರ್, ನಮ್ದು ತೋಟದ ಮನೆ, ಸುತ್ತ ಗುಡ್ಡ. ಜಗಲಿ ತುದೀಲಿ ನಿಂತ್ರೆ ಎರಡು ಕಡ್ಡಿ ಬರುತ್ತೆ, ಒಳಗ್ ಕಾಲಿಟ್ರೆ ಅದೂ ಇಲ್ಲ. ಅತ್ತೆಗೆ ವಯಸ್ಸಾಗಿದೆ, ಮಳೆಗಾಲದಲ್ಲಿ ರಾತ್ರಿ ಏನಾದ್ರೂ ಆಗಿ ಫೋನ್ ಮಾಡ್ಬೇಕಂದ್ರೆ ಕೊಡೆ ಹಿಡ್ಕೊಂಡು ಅಂಗಳಕ್ಕೆ ಹೋಗ್ಬೇಕು. ನನ್ನ ಮೈದುನ ಆನ್‌ಲೈನಲ್ಲಿ ಒಂದು ಸಿಗ್ನಲ್ ಬೂಸ್ಟರ್ ನೋಡಿದಾನೆ, ತರ್ಸಿದ್ರೆ ಮನೆಪೂರ್ತಿ ನೆಟ್‌ವರ್ಕ್ ಬರುತ್ತಂತೆ. ತರ್ಸಬಹುದಾ?
– ಓದುಗರು, ಸಾಗರ ತಾಲೂಕು

ಉತ್ತರ: ತರ್ಸಬೇಡಿ ಮೇಡಂ. ಮೊದಲ್ನೇದಾಗಿ ಅದು ಕಾನೂನುಬಾಹಿರ. ನಮ್ಮ ದೇಶದಲ್ಲಿ ಬೂಸ್ಟರ್, ರಿಪೀಟರ್ ಹಾಕೋ ಹಕ್ಕು ಲೈಸೆನ್ಸ್ ಇರೋ ಮೊಬೈಲ್ ಕಂಪನಿಗಳಿಗೆ ಮಾತ್ರ, ನಾವು ನೀವು ಕೊಂಡು ಮನೇಲಿ ಇಟ್ಕೊಳ್ಳೋ ಹಾಗಿಲ್ಲ. ಆನ್‌ಲೈನಲ್ಲಿ ರಾಜಾರೋಷವಾಗಿ ಮಾರ್ತಾರೆ ನಿಜ, ಆದ್ರೆ ದೂರಸಂಪರ್ಕ ಇಲಾಖೆಯವ್ರು ಬಂದು ಕಿತ್ತು ಹಾಕ್ಸಿದ್ದೂ ಉಂಟು. ಎರಡ್ನೇದು, ಕಾನೂನು ಬಿಟ್ರೂ ಅದರಿಂದ ಊರಿಗೇ ತೊಂದ್ರೆ. ಬೂಸ್ಟರ್‌ಗೆ ಮನೆ ಹೊರಗೊಂದು ಒಳಗೊಂದು ಆಂಟೆನಾ ಇರುತ್ತೆ, ಎರಡೂ ಹತ್ರ ಇದ್ರೆ ಒಂದರ ಸಿಗ್ನಲ್ ಇನ್ನೊಂದು ಹಿಡ್ದು ಮತ್ತೆ ಮತ್ತೆ ದೊಡ್ಡದು ಮಾಡ್ತಾ ಹೋಗುತ್ತೆ, ಮದುವೆ ಮನೇಲಿ ಮೈಕು ಸ್ಪೀಕರ್ ಹತ್ರ ತಂದ್ರೆ ಕುಯ್ಯೋ ಅನ್ನುತ್ತಲ್ಲ ಹಾಗೆ, ಆ ಗಲಾಟೆ ಎಲ್ಲಾ ಟವರ್‌ಗೆ ಹೋಗಿ ಅಕ್ಕಪಕ್ಕದ ಮನೆಯವ್ರ ಕಾಲೂ ಕಟ್ ಆಗುತ್ತೆ.

ಈಗ ನಿಮ್ಮ ಮನೆ ವಿಷ್ಯಕ್ಕೆ ಬರೋಣ. ಕಡ್ಡಿ ನೋಡಿ ಲೆಕ್ಕ ಹಾಕ್ಬೇಡಿ, ಒಂದೊಂದು ಫೋನು ಒಂದೊಂದು ಥರ ಕಡ್ಡಿ ತೋರ್ಸುತ್ತೆ. ಆಂಡ್ರಾಯ್ಡ್ ಫೋನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದ್ರೆ ಸಿಗ್ನಲ್ ಸ್ಟ್ರೆಂತ್ ಅಂತ ಮೈನಸ್ ನಂಬರ್ ಒಂದು ಕಾಣುತ್ತೆ, ಅದರ ಮುಂದೆ ಡಿಬಿಎಂ ಅಂತ ಇರುತ್ತೆ. ಐಫೋನ್ ಆದ್ರೆ *3001#12345#* ಡಯಲ್ ಮಾಡಿ. 4ಜಿಯಲ್ಲಿ ಮೈನಸ್ 85 ಅಂದ್ರೆ ಚೆನ್ನಾಗಿದೆ, ಮೈನಸ್ 105 ಅಂದ್ರೆ ಏದುಸಿರು, ಮೈನಸ್ 115 ದಾಟಿದ್ರೆ ಕಾಲ್ ನಿಲ್ಲೋದು ಕಷ್ಟ. ಈ ನಂಬರಲ್ಲಿ 10 ವ್ಯತ್ಯಾಸ ಅಂದ್ರೆ ಸಿಗ್ನಲ್ ಹತ್ತು ಪಟ್ಟು ಕಮ್ಮಿ ಅಂತ, 20 ಅಂದ್ರೆ ನೂರು ಪಟ್ಟು. ಫೋನ್ ಹಿಡ್ಕೊಂಡು ಜಗಲಿ, ನಡುಮನೆ, ಅಡುಗೆಮನೆ, ಅಟ್ಟ ಎಲ್ಲಾ ಕಡೆ ಓಡಾಡಿ ಬರ್ಕೊಳ್ಳಿ, ಒಂದೊಂದು ಕಡೆ ಸ್ವಲ್ಪ ಹೊತ್ತು ನಿಂತು ನೋಡಿ, ನಂಬರ್ ತಕ್ಷಣ ಬದಲಾಗಲ್ಲ. ಹೊರಗೆ ಚೆನ್ನಾಗಿದ್ದು ಒಳಗೆ ಬಿದ್ರೆ ತಪ್ಪು ಗೋಡೆದು, ಚಿರೇಕಲ್ಲಿನ ದಪ್ಪ ಗೋಡೆ, ಅದರ ಮೇಲೆ ತಗಡಿನ ಶೀಟ್ ಬೇರೆ ಇದ್ರೆ ಮುಗೀತು. ಹೊರಗೇ ಮೈನಸ್ 110 ಇದ್ರೆ ಗುಡ್ಡ ಅಡ್ಡ ಇದೆ ಅಂತ, ಆಗ ಮೊದಲು ಸಿಮ್ ಬದಲಾಯ್ಸಿ ನೋಡ್ಬೇಕು.

ಸಿಮ್ ಬದಲಾಯ್ಸೋದಂದ್ರೆ ಸೀದಾ ಪೋರ್ಟ್ ಮಾಡೋದಲ್ಲ, ಅಂದ್ರೆ ಅದೇ ನಂಬರ್ ಇಟ್ಕೊಂಡು ಕಂಪನಿ ಬದಲಾಯ್ಸೋದಲ್ಲ. ಒಮ್ಮೆ ಪೋರ್ಟ್ ಮಾಡಿದ್ರೆ 90 ದಿನ ಅಲ್ಲೇ ಇರ್ಬೇಕು, ಹಾಗಾಗಿ ಪಕ್ಕದ ಮನೆಯವ್ರದ್ದೋ ನೆಂಟರದ್ದೋ ಬೇರೆ ಕಂಪನಿ ಸಿಮ್ ಎರಡ್ನೇ ಸ್ಲಾಟಲ್ಲಿ ಹಾಕಿ ಅದೇ ಜಾಗದಲ್ಲಿ ನಂಬರ್ ನೋಡಿ. ಕಮ್ಮಿ ಫ್ರೀಕ್ವೆನ್ಸಿ ಸಿಗ್ನಲ್ ದೂರ ಹೋಗುತ್ತೆ, ಗೋಡೇನೂ ಚೆನ್ನಾಗಿ ದಾಟುತ್ತೆ. ಏರ್‌ಟೆಲ್, ವಿಐಗೆ 900 ಮೆಗಾಹರ್ಟ್ಸ್, ಜಿಯೋಗೆ 850, ಬಿಎಸ್ಎನ್ಎಲ್ 4ಜಿಗೆ 700 ಇದೆ. ಬಿಎಸ್ಎನ್ಎಲ್ ಹಾಕೋರು ಒಂದು ನೋಡ್ಕೊಳ್ಳಿ, ಆ 700 ಹಿಡಿಯೋಕೆ ಫೋನಲ್ಲಿ ಬ್ಯಾಂಡ್ 28 (ಆ ಫ್ರೀಕ್ವೆನ್ಸಿಯ ಇನ್ನೊಂದು ಹೆಸ್ರು) ಇರ್ಬೇಕು, ಹಳೇ ಫೋನ್ ಎಷ್ಟೋದ್ರಲ್ಲಿ ಇರಲ್ಲ, ಆಮೇಲೆ ಸಿಮ್ ಸರಿಯಿಲ್ಲ ಅಂತ ಬೈತಾ ಕೂರ್ತಾರೆ.

ಇಷ್ಟೆಲ್ಲಾ ಹೇಳಿದ್ರೂ ನಿಮ್ಮಂಥ ಮನೆಗೆ ನಾನು ಹೇಳೋ ದಾರಿ ಒಂದೇ, ಗೋಡೆ ಜೊತೆ ಗುದ್ದಾಟ ಬಿಟ್ಟು ಕಾಲ್‌ನ ವೈಫೈ ಮೇಲೆ ಹಾಕಿ. ಈ ವೈಫೈ ಕಾಲಿಂಗ್ 2019ರ ಕೊನೇಲಿ, 2020ರ ಶುರುವಲ್ಲಿ ನಮ್ಮಲ್ಲಿ ಬಂತು, ಈಗಲೂ ಎಷ್ಟೋ ಜನ ಆನ್ ಮಾಡ್ಕೊಂಡಿಲ್ಲ. ಸೆಟ್ಟಿಂಗ್ಸಲ್ಲಿ ವೈಫೈ ಕಾಲಿಂಗ್ ಅಂತ ಹುಡುಕಿ, ಆನ್ ಮಾಡಿ, ಅಷ್ಟೆ. ವಾಟ್ಸಾಪ್ ಕಾಲ್ ಅಲ್ಲ ಇದು, ನಿಮ್ಮ ಮಾಮೂಲಿ ನಂಬರಿಂದ ಮಾಮೂಲಿ ಡಯಲ್, ಆ ಕಡೆಯವ್ರ ಹತ್ರ ಕೀಪ್ಯಾಡ್ ಫೋನ್ ಇದ್ರೂ ಹೋಗುತ್ತೆ, ದೇಶದೊಳಗಿನ ಕಾಲ್‌ಗೆ ಬೇರೆ ಚಾರ್ಜ್ ಕೂಡ ಇಲ್ಲ. ನಿಮ್ಮ ಕಡೆ ಕೇಬಲ್‌ನವ್ರು ಕರೆಂಟ್ ಕಂಬದ ಮೇಲೆ ಇಂಟರ್ನೆಟ್ ಫೈಬರ್ ಎಳ್ಕೊಂಡು ಬಂದಿದ್ರೆ ಯೋಚ್ನೇನೇ ಬೇಡ, ಹಾಕ್ಸಿ.

ಫೈಬರ್ ಇಲ್ವಾ? ಮೂಲೇಲಿ ಬಿದ್ದಿರೋ ಹಳೇ 4ಜಿ ಫೋನ್ ತಗೊಳ್ಳಿ, ಡೇಟಾ ಇರೋ ಸಿಮ್ ಹಾಕಿ, ನಂಬರ್ ಎಲ್ಲಿ ಚೆನ್ನಾಗ್ ಬಂತೋ ಅಲ್ಲಿ, ಅಟ್ಟದ ಕಿಟಕಿಯೋ ಜಗಲಿ ಗೂಡೋ, ಮಳೆ ಬಿಸಿಲು ತಾಗದ ಕಡೆ ಚಾರ್ಜರ್‌ಗೆ ಹಾಕಿ ಹಾಟ್‌ಸ್ಪಾಟ್ ಆನ್ ಮಾಡಿಡಿ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸಲ್ಲೇ ಇರ್ಲಿ, 5 ಅಂತ ಹಾಕಿದ್ರೆ ಆ ಗೋಡೆ ದಾಟಲ್ಲ. ತನ್ನಷ್ಟಕ್ಕೆ ಆಫ್ ಆಗೋ ಸೆಟ್ಟಿಂಗ್ ತೆಗೀರಿ. ಅತ್ತೆ ಫೋನ್ ಆ ವೈಫೈಗೆ ಸೇರ್ಸಿ, ಅದರಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ, ಹಾಸಿಗೇಲೇ ಕೂತು ಮಾತಾಡ್ಲಿ. ಇನ್ನೂ ಗಟ್ಟಿಯಾಗಿ ಬೇಕಂದ್ರೆ ಹೊರಗಿನ ಆಂಟೆನಾ ಸಿಕ್ಕಿಸೋಕೆ ಜಾಗ ಇರೋ, ಸಿಮ್ ಹಾಕಿದ್ರೆ ವೈಫೈ ಕೊಡೋ ರೂಟರ್ ಸಿಗುತ್ತೆ, ಆಂಟೆನಾ ವೈರ್ ಉದ್ದ ಆದಷ್ಟೂ ಸಿಗ್ನಲ್ ದಾರೀಲೇ ಕರಗುತ್ತೆ, ಅದಕ್ಕೆ ರೂಟರ್‌ನ ಆಂಟೆನಾ ಹತ್ರಾನೇ ಇಟ್ಟು ಕೆಳಗೆ ಲ್ಯಾನ್ ಕೇಬಲ್ ಇಳ್ಸಿ. ಗುಡುಗು ಶುರುವಾದ್ರೆ ಪ್ಲಗ್ಗೂ ಕಿತ್ತಿಡಿ, ಆಂಟೆನಾನೂ ಕಿತ್ತಿಡಿ, ಮಲೆನಾಡಿನ ಸಿಡಿಲಿನ ಬಗ್ಗೆ ನಿಮ್ಗೆ ನಾನೇನ್ ಹೇಳೋದು.

ಕರೆಂಟ್ ಹೋದ್ರೆ ರೂಟರ್ ವೈಫೈನೂ ಹೋಗುತ್ತೆ, ನಿಮ್ಗೆ ಫೋನ್ ಬೇಕಾಗೋದೂ ಅಂಥ ರಾತ್ರೀನೇ. ರೂಟರ್‌ಗೆ ಅಂತಲೇ ಚಿಕ್ಕ ಯುಪಿಎಸ್ ಬರುತ್ತೆ, ರೂಟರ್ ಅಡಾಪ್ಟರ್ ಮೇಲೆ 12 ವೋಲ್ಟಾ 9 ವೋಲ್ಟಾ ನೋಡ್ಕೊಂಡೇ ತಗೊಳ್ಳಿ. ಮನೇಲಿ ಇನ್ವರ್ಟರ್ ಇದ್ರೆ ಆ ಲೈನಿಗೇ ಹಾಕ್ಬಿಡಿ.

ಪ್ರಶ್ನೆ: ಬೆಂಗಳೂರಲ್ಲಿ ಹೊಸ ಅಪಾರ್ಟ್‌ಮೆಂಟ್. ಕಿಟಕೀಲಿ ಟವರ್ ಕಾಣುತ್ತೆ, ಆದ್ರೂ ಬೆಡ್‌ರೂಮಲ್ಲಿ ಕಾಲ್ ಕಟ್. ಫೋನ್ ಹಿಂದೆ ಅಂಟ್ಸೋ ಸ್ಟಿಕ್ಕರ್ ಕೆಲ್ಸ ಮಾಡುತ್ತಾ?
– ಓದುಗರು, ಬೆಂಗಳೂರು

ಉತ್ತರ: ಸ್ಟಿಕ್ಕರ್ ಶುದ್ಧ ಬೊಗಳೆ, ನೆಟ್‌ವರ್ಕ್ ಬೂಸ್ಟರ್ ಅನ್ನೋ ಆ್ಯಪ್‌ಗಳೂ ಅಷ್ಟೆ. ಹೊಸ ಬಿಲ್ಡಿಂಗಲ್ಲಿ ಬಿಸಿಲು ತಡೆಯೋ ಗಾಜು ಹಾಕಿರ್ತಾರೆ, ಅದರ ಮೇಲಿನ ತೆಳು ಲೋಹದ ಪದರ ಸಿಗ್ನಲ್ಲನ್ನೂ ತಡೆಯುತ್ತೆ, ಕಿಟಕಿ ತೆಗ್ದು ನಂಬರ್ ನೋಡಿದ್ರೆ ಗೊತ್ತಾಗುತ್ತೆ. ಕಾಣೋ ಟವರ್ ನಿಮ್ಮ ಕಂಪನೀದೇ ಆಗಿರ್ಬೇಕು ಅಂತಿಲ್ಲ. ಸ್ವಲ್ಪ ದಿನ ನೆಟ್‌ವರ್ಕ್ ಮೋಡ್ 4ಜಿಗೆ ಇಟ್ಟು ನೋಡಿ. 5ಜಿ ಹೆಚ್ಚಾಗಿ ಬರೋದು 3300 ಮೆಗಾಹರ್ಟ್ಸ್ ಮೇಲೆ, ಕಾಂಕ್ರೀಟ್ ಒಳಗೆ ನುಗ್ಗೋದ್ರಲ್ಲಿ ಅದು ಹಿಂದೆ, ಫೋನು 5ಜಿ 4ಜಿ ಮಧ್ಯೆ ಹಾರಾಡ್ತಾ ಬ್ಯಾಟರೀನೂ ತಿನ್ನುತ್ತೆ. ನಿಮ್ಮನೇಲಿ ವೈಫೈ ಇದ್ದೇ ಇರುತ್ತೆ, ಮೇಲೆ ಹೇಳಿದ ವೈಫೈ ಕಾಲಿಂಗೇ ನಿಮ್ಗೂ ಮದ್ದು.

ಪ್ರಶ್ನೆ: ಊರಲ್ಲಿ ಟವರ್ ಇದೆ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರ್ರೂ ಸತ್ತು ಹೋಗುತ್ತೆ. ಯಾರಿಗೆ ಹೇಳೋದು?
– ಓದುಗರು, ಶಿರಸಿ ಕಡೆ

ಉತ್ತರ: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ಗೆ ಬರೀಬೇಡಿ, ಅವ್ರು ಒಬ್ಬೊಬ್ಬರ ದೂರು ವಿಚಾರ್ಸಲ್ಲ. ಮೊದ್ಲು ಕಂಪನಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಡಾಕೆಟ್ ನಂಬರ್, ಅಂದ್ರೆ ದೂರಿನ ನಂಬರ್, ಕೇಳಿ ತಗೊಳ್ಳಿ, ಅದಿಲ್ದೆ ಮುಂದಿನ ಯಾವ್ದೂ ನಡೆಯಲ್ಲ. ಸರಿ ಹೋಗ್ಲಿಲ್ಲ ಅಂದ್ರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ, ಅಲ್ಲೂ ಆಗ್ಲಿಲ್ಲ ಅಂದ್ರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲಲ್ಲಿ ದೂರಸಂಪರ್ಕ ಇಲಾಖೆ ಹೆಸ್ರಿಗೆ ಹಾಕಿ. "ನೆಟ್‌ವರ್ಕ್ ಸರಿ ಇಲ್ಲ" ಅಂತ ಬರೆದ್ರೆ ಉಪಯೋಗ ಇಲ್ಲ. ಯಾವ ತಾರೀಕು, ಎಷ್ಟು ಗಂಟೆಗೆ ಕರೆಂಟ್ ಹೋಯ್ತು, ಎಷ್ಟು ಗಂಟೆಗೆ ಸಿಗ್ನಲ್ ಹೋಯ್ತು ಅಂತ ಬರ್ಕೊಂಡು, ನಾಲ್ಕೈದು ಮನೆಯವ್ರು ಸೇರಿ ಬೇರೆ ಬೇರೆ ಡಾಕೆಟ್ ತಗೊಂಡು ಕಳ್ಸಿ, ಆಗ ಟವರ್ ಬ್ಯಾಟರಿ ನೋಡೋಕೆ ಯಾರನ್ನಾದ್ರೂ ಕಳ್ಸೋ ಸಾಧ್ಯತೆ ಜಾಸ್ತಿ.